ರೊಟ್ಟಿ ತಿಂದ ತೋಳ

ನಮ್ಮ ಮನೆಯಲ್ಲಿ ಒಂದು ತೋಳ ಇತ್ತು. ನಾನು ರೊಟ್ಟಿ ತಿನ್ನಿಸಿ ಅದರ ಕಾಲು ಹಾಳು ಮಾಡಿದೆ. ಕೋಲಿನಿಂದ ಹೊಡೆದು ಮುರಿದಿದ್ದರೆ ಒಂದು ದಿನದ ತಪ್ಪಾಗುತ್ತಿತ್ತು. ನಾನು ದಿನಕ್ಕೆ ಎರಡು ಹೊತ್ತು, ನನ್ನ ಕೈಯಾರೆ, ಹಣೆಗೆ ವಿಭೂತಿ ಹಚ್ಚಿ ಹಚ್ಚಿ ಹಾಳು ಮಾಡಿದೆ. ಐವತ್ತು ವರ್ಷದ ಮೇಲಾಯಿತು, ಈ ಮಾತನ್ನು ನಾನು ಬೇರೆ ಥರ ಹೇಳುತ್ತ ಬಂದಿದ್ದೇನೆ. ಮದುವೆ ಮನೆಗಳಲ್ಲಿ, ಬಸುರಿಯರ ಕುಬಸದ ಮನೆಗಳಲ್ಲಿ, ಹೆಂಗಸರು ಸುತ್ತ ಕೂತು ಕಡಬು ಕಟ್ಟುವಾಗ, ನಾವೊಂದು ತೋಳ ಸಾಕಿದ್ದೆವು, ಅದು ಬಸವಣ್ಣನ ಹಾಗೆ ರೊಟ್ಟಿ ತಿನ್ನುತ್ತಿತ್ತು, ಆಮೇಲೆ ಶಹರದ ಝೂಕ್ಕೆ ದಾನ ಕೊಟ್ಟೆವು ಎಂದು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಬಾರದ್ದೇ ಒಳ್ಳೆಯದಾಯಿತು.

ಹೂಲಿ ಗುಡ್ಡದ ಬುಡದ ಒಂದು ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಅಡುಗೆ ಮನೆಯ ಮೂಲೆಯಲ್ಲಿ ದೇವರ ಜಗಲಿ. ಮನುಷ್ಯರಿಗೂ ದನಕ್ಕೂ ಬಾಗಿಲು ಒಂದೇ. ಬಲಕ್ಕೆ ಕಣಕಿ ಒಟ್ಟುವ ಖೋಲಿ. ಜೋಳದ ಒಣ ದಂಟಿಗೆ ನಾವು ಕಣಕಿ ಅನ್ನುತ್ತೇವೆ. ಆ ಖೋಲಿಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ ಮಾತ್ರ. ಮನೆಯ ಯಜಮಾನಿಕೆ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಯಿ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಮನೆಯಲ್ಲಿ ಯಾರ ಬಾಯಿಗೂ ಒಂದು ತುತ್ತು ಹೋಗುವಂತಿರಲಿಲ್ಲ, ಹೊಲಕ್ಕೆ ಹೊರಟ ಅಪ್ಪನ ಬಾಯಿಗೂ ಇಲ್ಲ. ಪಡಸಾಲೆಯಲ್ಲಿ 'ತತ್ತಿ', ಅಂದರೆ ಮೊಟ್ಟೆ, ಎಂಬ ಶಬ್ದ ಆಡಿದ್ದಕ್ಕೆ ನಾನೊಮ್ಮೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದೇನೆ. ಆ ಶಬ್ದ ಆಡಿದರೆ ಹಾಗಾಗುತ್ತದೆ ಎಂದು ಗೊತ್ತಿದ್ದೇ ಆಡಿದ್ದೆ, ಅದು ಬೇರೆ ಮಾತು.

ಅಪ್ಪ ಆಯಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ಅವ್ವ ತೊರಗಲ್ ಕಡೆಯಿಂದ ಬಂದವಳು, ಹೆಸರು ಗಂಗವ್ವ. ಆಕೆಯ ಕೈ ಜೋರು, ಬಾಯಿ ಕಡಿಮೆ. ರೊಟ್ಟಿ ತಟ್ಟುವಾಗ ಆಕೆಯ ಅಂಗೈ ಸಪ್ಪಳ ಓಣಿಯ ತನಕ ಕೇಳುತ್ತಿತ್ತು, ಆದರೆ ಆಕೆಯ ಮಾತು ಪಕ್ಕದಲ್ಲಿ ಕೂತರೂ ಕೇಳುತ್ತಿರಲಿಲ್ಲ. ನಾನು ಆಯಿಯ ಕಡೆಯವಳು. ಆಯಿಯ ಪಕ್ಕದಲ್ಲಿ ಮಲಗುವವಳು, ಪೂಜೆಗೆ ಬಿಲ್ವಪತ್ರೆ ತರುವವಳು, ಮನೆಯಲ್ಲಿ ಯಾರು ಏನು ಮಾಡಿದರೆಂದು ಆಯಿಗೆ ಹೇಳುವವಳು. ಒಂಬತ್ತು ವರ್ಷಕ್ಕೇ ನನಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಆ ಮನೆಯಲ್ಲಿ ಬದುಕಬೇಕೆಂದರೆ ಆಯಿಯ ಬಲಗೈ ಹತ್ತಿರ ಇರಬೇಕು. ಅವ್ವನ ಹತ್ತಿರ ಇದ್ದರೆ ಬರೀ ಕೆಲಸ ಸಿಗುತ್ತಿತ್ತು.

ತೋಳವನ್ನು ತಂದವನು ಅಪ್ಪ. ಆ ವರ್ಷ ಕುರುಬರ ಮರಿಗಳನ್ನು ತೋಳಗಳು ಮೇಲಿಂದ ಮೇಲೆ ಒಯ್ದಿದ್ದವು. ಕುರುಬರು ಗುಡ್ಡದ ಹಳ್ಳದಲ್ಲಿ ಅವುಗಳ ಗವಿ ಹುಡುಕಿ ಬಾಯಿಗೆ ಹೊಗೆ ಹಾಕಿದರು. ಒಳಗಿದ್ದ ನಾಲ್ಕು ಮರಿಗಳಲ್ಲಿ ಮೂರು ಸತ್ತವು. ನಾಲ್ಕನೆಯದನ್ನು ಕಲ್ಲಿಗೆ ಬಡಿಯುವ ಹೊತ್ತಿಗೆ ಹೊಲದಿಂದ ಬರುತ್ತಿದ್ದ ಅಪ್ಪ ಬೇಡಿಕೊಂಡು, ರುಮಾಲಿನಲ್ಲಿ ಕಟ್ಟಿಕೊಂಡು ಮನೆಗೆ ತಂದ. ಹೆಣ್ಣು ಮರಿ. ಕಣ್ಣು ತೆರೆದು ಕೆಲವೇ ದಿನ ಆಗಿತ್ತು. ಆಯಿ ಬೈದು ಹೊರಗೆ ಹಾಕುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಆಯಿ ಅದರ ಮೂತಿ ಎತ್ತಿ ನೋಡಿದಳು.

"ಜೀವ ಐತಿ. ಬಂದ ಜೀವಾ ಹೊರಗ ದಬ್ಬಾಕ ಬರೂದಿಲ್ಲ. ಆದ್ರ ಈ ಮನಿಯಾಗ ಇರಬೇಕಂದ್ರ ಈ ಮನಿ ಕೂಳ ತಿನ್ನಬೇಕು, ತಿಳೀತಿಲ್ಲೋ?"

"ತೋಳ ಐತಬೇ ಅದು" ಅಂದ ಅಪ್ಪ.

"ನೀನೂ ಹುಟ್ಟಿದಾಗ ಏನ್ ಭಾರೀ ಶರಣ ಇದ್ದಿ? ನಾ ತಿದ್ದಲಿಲ್ಲಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಮನೆಯ ಎಮ್ಮೆ ಹಾಲು ಕೊಡುವ ತನಕ ಅದಕ್ಕೂ ಹಾಲು ಸಿಕ್ಕಿತು. ಮೈ ಬಣ್ಣ ನೋಡಿ ಆಯಿ ಅದಕ್ಕೆ ಬೂದಿ ಎಂದು ಹೆಸರಿಟ್ಟಳು. ಎರಡು ತಿಂಗಳಿಗೆ ಅದು ನನ್ನ ಹಿಂದೆ ಹಿಂದೆ ಬರುವುದಕ್ಕೆ ಶುರು ಮಾಡಿತು. ನಾನು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕೂಡುತ್ತಿತ್ತು. ನಾಯಿಯ ಹಾಗೆ ಬೊಗಳುತ್ತಿರಲಿಲ್ಲ, ಮೂಗಿನಲ್ಲೇ ಸಣ್ಣಗೆ ಕುಂಯ್ ಅನ್ನುತ್ತಿತ್ತು. ಆಮೇಲೆ ಎಮ್ಮೆ ಬತ್ತಿತು. ಹಾಲು ನಿಂತಿತು. ಮನೆಯವರಿಗೇ ಮಜ್ಜಿಗೆ ಓಣಿಯಿಂದ ಬೇಡಿ ತರುವ ಪರಿಸ್ಥಿತಿ. ಬೂದಿಯ ಪಾಲಿಗೆ ಬಂದದ್ದು ಜೋಳದ ರೊಟ್ಟಿ, ಬೇಳೆ ಕಟ್ಟು, ಪುಂಡಿ ಪಲ್ಯದ ರಸ.

ಆ ದಿನಗಳಲ್ಲಿ ನಮ್ಮ ಹೊಲದಲ್ಲಿ ಕುರಿ ಕೂಡಿಸಿದ್ದರು. ಕುರುಬರ ಹಿಂಡು ಹೊಲದಲ್ಲಿ ತಂಗಿದರೆ ಗೊಬ್ಬರ ಆಗುತ್ತದೆ, ಅವರಿಗೆ ನಾವು ಜೋಳ ಕೊಡುತ್ತೇವೆ. ಹಿಂಡಿನವರ ಪೈಕಿ ಲಕ್ಕವ್ವ ಎಂಬ ಹೆಂಗಸು ಜೋಳ ಒಯ್ಯಲು ಮನೆಗೆ ಬಂದವಳು ಬೂದಿಯನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಮುಂಗಾಲು ಒತ್ತಿ ನೋಡಿದಳು. ಮರಿ ಚೀರಿತು.

"ಏನ್ ಹಾಕ್ತೀರಿ ಇದಕ್ಕ?"

"ರೊಟ್ಟಿ" ಅಂದೆ ನಾನು, ಬಹಳ ಸೊಕ್ಕಿನಿಂದ.

"ಯವ್ವಾ, ಇದರ ಎಲುಬು ಹಸೀ ಕಡ್ಡಿ ಆಗ್ಯಾವ. ಇದಕ್ಕ ಎಲುಬು ಕಡೀಲಾಕ ಬೇಕು, ಮಾಂಸಾ ಬೇಕು, ಬಿಸಲ ಬೇಕು. ಇದರವ್ವ ನಮ್ಮ ಆರ ಮರಿ ತಿಂದಾಳ, ನಾ ಹೇಳಾಕಿ ಅಲ್ಲ ಖರೇ. ಆದ್ರ ಕಣ್ಣಾರೆ ನೋಡಿ ಸುಮ್ನ ಹೆಂಗ ಹೋಗ್ಲಿ?"

ಆಯಿ ಒಳಗಿನಿಂದಲೇ ಕೇಳಿಸಿಕೊಂಡು, ಜೋಳ ತಗೊಂಡು ನಡಿ ಅಂದಳು. ಅವ್ವ ಲಕ್ಕವ್ವನ ಮಡಿಲಿಗೆ ಇನ್ನೊಂದು ಸೇರು ಜೋಳ ಸುರಿದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಮರುದಿನದಿಂದ ಅವ್ವ ಹೊಲದಿಂದ ಕಣಕಿ ತರಲು ಹೋಗುವಾಗ ಬುಟ್ಟಿಯಲ್ಲಿ ಬೂದಿಯನ್ನೂ ಕೂಡಿಸಿಕೊಂಡು ಹೋಗತೊಡಗಿದಳು. ಮನೆಯಲ್ಲಿ ಬಿಟ್ಟರೆ ಕಾಳಿನ ಚೀಲ ಹರಿಯುತ್ತದೆ ಎಂದು ಆಯಿಗೆ ಹೇಳಿದಳು. ಸಂಜೆ ಬರುವಾಗ ಮರಿಯ ಹೊಟ್ಟೆ ದುಂಡಗಿರುತ್ತಿತ್ತು. ಹದಿನೈದು ದಿನಕ್ಕೆ ಅದು ಪಡಸಾಲೆಯ ಮೆಟ್ಟಿಲನ್ನು ತಾನೇ ಹತ್ತಿತು. ಅಪ್ಪ ನೋಡಿ, "ಹಾ! ನಮ್ಮ ಬೂದವ್ವಗ ಕಾಲ ಬಂದ್ವು" ಅಂದ. ಅವ್ವ ಹಂಚಿನ ಕಡೆ ಮುಖ ಮಾಡಿ ನಗುತ್ತಿದ್ದಳು. ಆಕೆ ಹಾಗೆ ಒಬ್ಬಳೇ ನಗುವುದನ್ನು ನಾನು ಅಷ್ಟರ ತನಕ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಬೂದಿ ನನ್ನನ್ನು ಬಿಟ್ಟು ಆಕೆಯ ಹಿಂದೆ ಹೋಗುತ್ತಿತ್ತು.

ಒಂದು ಸಂಜೆ ಬೂದಿ ನನ್ನ ಕೈ ನೆಕ್ಕಿದಾಗ ಅದರ ಬಾಯಿ ವಾಸನೆ ಬಂತು. ರೊಟ್ಟಿಯ ವಾಸನೆ ಅಲ್ಲ. ಮರುದಿನ ಅವ್ವನ ಹಿಂದೆ, ದೂರದಿಂದ, ಹೊಲಕ್ಕೆ ಹೋದೆ. ಬದುವಿನ ಮೇಲೆ ಬಿಸಿಲಿಗೆ ಅವ್ವ, ಲಕ್ಕವ್ವ ಇಬ್ಬರೂ ಕಾಲು ಚಾಚಿ ಕೂತಿದ್ದರು. ಸತ್ತ ಕುರಿಮರಿಯ ಕಾಲೊಂದನ್ನು ಬೂದಿ ಎರಡು ಮುಂಗಾಲಿನಿಂದ ಒತ್ತಿ ಹಿಡಿದು ಕಡಿಯುತ್ತಿತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು, ಆದರೂ ಎದ್ದು ಹೋಗಿರಲಿಲ್ಲ. ನನ್ನನ್ನು ಕಂಡಳು. ಓಡಿ ಬಂದು ನನ್ನ ರಟ್ಟೆ ಹಿಡಿದಳು.

"ನೀಲಾ, ನಾ ಕೈಲೆ ಮುಟ್ಟಿಲ್ಲ. ಲಕ್ಕವ್ವ ಹಾಕ್ತಾಳ. ಮನಿಗಿ ಒಂದ ಎಲುಬು ಬಂದಿಲ್ಲ. ಇನ್ನೊಂದ ಎರಡ ತಿಂಗಳು ಸುಮ್ನಿರು, ಅಷ್ಟರಾಗ ಇದರ ಕಾಲ ಗಟ್ಟಿ ಆಗ್ತಾವ. ಗುಡ್ಡಕ್ಕ ಬಿಟ್ಟ ಬಿಡೂಣು. ನನ್ನ ಹಡದಿ... ಅಲ್ಲ, ನಾ ನಿನ್ನ ಹಡದೇನಿ, ಅಷ್ಟ ಮಾಡು."

ಆಕೆ ಗಾಬರಿಯಲ್ಲಿ ಮಾತು ತಪ್ಪಿದ್ದಕ್ಕೆ ಲಕ್ಕವ್ವ ನಕ್ಕಳು. ನಾನು ನಗಲಿಲ್ಲ. ಆಗಲಿ ಅಂದೆ. ಆ ಮಾತು ಕೊಟ್ಟಾಗ ನನಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿತ್ತೋ ಇಲ್ಲವೋ ನೆನಪಿಲ್ಲ. ಗೊತ್ತಿತ್ತು ಎಂದೇ ಬರೆದುಕೊಳ್ಳಿ.

ಆ ದಿನವೇ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಆಯಿ ತುತ್ತು ಕೆಳಗಿಟ್ಟು ಎದ್ದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವ್ವನಿಗೆ ಸಲೀಸಾಗುತ್ತಿತ್ತು. "ಗಂಗಾ, ಅಡಗಿ ಮನಿಯಿಂದ ಹೊರಗ ಬಾ" ಅಂದಳು, ಅಷ್ಟೇ. ಬೆಳಿಗ್ಗೆ ಊರಿನ ಜಂಗಮ ಅಯ್ಯನವರನ್ನು ಕರೆಸಿದರು. ಅವ್ವ ಉಟ್ಟ ಸೀರೆಯಲ್ಲೇ ತಣ್ಣೀರು ಸುರಿದುಕೊಂಡು, ಅಂಗಳದಲ್ಲಿ ಓಣಿಯ ಹೆಂಗಸರ ಎದುರಿಗೆ ಅಯ್ಯನವರ ಪಾದೋದಕ ಕುಡಿದು ಶುದ್ಧಳಾಗಬೇಕಾಯಿತು. ಅಪ್ಪ ದನಗಳ ಹತ್ತಿರ ಕಣ್ಣಿ ಬಿಗಿಯುತ್ತ ನಿಂತಿದ್ದ, ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಒಂದು ತಿಂಗಳು ಅವ್ವ ಅಡುಗೆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ದನದ ಜಾಗದಲ್ಲಿ ಕೂತು ಉಣ್ಣುತ್ತಿದ್ದಳು, ಗಂಗಾಳವನ್ನು ತಾನೇ ಬೇರೆ ತೊಳೆದಿಡುತ್ತಿದ್ದಳು. ನಾನು ರೊಟ್ಟಿ ಒಯ್ದು ಕೊಟ್ಟಾಗ ನನ್ನ ಮುಖ ನೋಡಿ ಒಂದೇ ಮಾತು ಅಂದಳು.

"ನಿಮ್ಮಾಯಿ ತುಪ್ಪಾ ಹಾಕ್ಯಾಳೇನ್ ನಿನಗ?"

ಹಾಕಿದ್ದಳು. ಆ ದಿನ ನನ್ನ ರೊಟ್ಟಿಯ ಮೇಲೆ ಆಯಿ ಎರಡು ಚಮಚ ತುಪ್ಪ ಸುರಿದಿದ್ದಳು. ಅದರ ರುಚಿ ನನಗೆ ಇವತ್ತಿಗೂ ನೆನಪಿದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವಳು ಅನ್ನುತ್ತೀರಿ. ಇಳಿಯಿತು. ಚೊಲೋ ಇತ್ತು.

ಬೂದಿಯನ್ನು ಕಣಕಿ ಖೋಲಿಯಲ್ಲಿ ಹಾಕಿ ಚಿಲಕ ಹಾಕಿದರು, ಹೊರಗೆ ಬಿಟ್ಟರೆ ಮತ್ತೆ ಹೊಲಸಿಗೆ ಬಾಯಿ ಹಾಕುತ್ತದೆಂದು. ಅದಕ್ಕೆ ಉಣಿಸುವ ಕೆಲಸ ನನ್ನದಾಯಿತು. ನಾನು ಅದನ್ನು ಬಹಳ ನೇಮದಿಂದ ಮಾಡಿದೆ. ರೊಟ್ಟಿ ಮುರಿದು ಬೇಳೆ ಕಟ್ಟಿನಲ್ಲಿ ನೆನೆಸಿ, ಮೊದಲು ಹಣೆಗೆ ವಿಭೂತಿ ಹಚ್ಚಿ, ಆಮೇಲೆ ಮುಂದಿಡುತ್ತಿದ್ದೆ. ಮೊದಲೆರಡು ದಿನ ಅದು ಮೂಸಿ ಬಿಟ್ಟಿತು. ಮೂರನೆಯ ದಿನ ತಿಂದಿತು. ತಿಂದದ್ದನ್ನು ನೋಡಲು ಜನ ಬರತೊಡಗಿದರು. ಸೋಮವಾರ ಭಿಕ್ಷಕ್ಕೆ ಬಂದ ಅಯ್ಯನವರು ಖೋಲಿಯ ಬಾಗಿಲಲ್ಲಿ ಬಗ್ಗಿ ನೋಡಿ, "ಈ ಮನಿ ಸಂಸ್ಕಾರ ತೋಳಕ್ಕೂ ಬಂತು ನೋಡ್ರಿ. ಕೂಸು ಬಾಳ ಶಾಣ್ಯಾ ಐತಿ" ಎಂದು ನನ್ನ ತಲೆ ಸವರಿದರು. ಸಾಲಿಯಲ್ಲಿ ಯಾರೂ ನನಗೆ ಶಾಣ್ಯಾ ಅಂದಿರಲಿಲ್ಲ. ನಾನು ಉಬ್ಬಿದೆ. ಉಬ್ಬಿದವಳಿಗೆ ಮುಂದಿನದು ಕಾಣಿಸಲಿಲ್ಲ ಎಂದಲ್ಲ, ಕಾಣಿಸುತ್ತಿತ್ತು. ಬೂದಿ ಎದ್ದು ನಿಂತರೆ ಮುಂಗಾಲುಗಳು ಬಿಲ್ಲಿನ ಹಾಗೆ ಹೊರಗೆ ಬಾಗುತ್ತಿದ್ದವು. ಬೆನ್ನಿನ ಮೇಲೆ ಕೈಯಿಟ್ಟರೆ ಅಳುತ್ತಿತ್ತು. ಜನ ಬಂದಾಗ ನಾನು ಅದರ ಕಾಲು ಕಾಣದ ಹಾಗೆ ಮುಂದೆ ಕಣಕಿಯ ಸಿವುಡು ಇಡುತ್ತಿದ್ದೆ. ಗೊತ್ತಿಲ್ಲದವಳು ಹಾಗೆ ಇಡುವುದಿಲ್ಲ.

ಅದು ಎದ್ದು ನಿಲ್ಲುವುದನ್ನೇ ಬಿಟ್ಟ ಮೇಲೆ ಅಪ್ಪ ಮೊದಲ ಸಲ ಆಯಿಯನ್ನು ಕೇಳದೆ ಒಂದು ಕೆಲಸ ಮಾಡಿದ. ಎತ್ತಿನ ಚಕ್ಕಡಿಯಲ್ಲಿ ಹಾಕಿಕೊಂಡು ಸವದತ್ತಿಯ ದನದ ದವಾಖಾನೆಗೆ ಒಯ್ದ. ಅಲ್ಲಿಯವರು, ಇದು ನಮ್ಮಿಂದ ಆಗುವುದಲ್ಲ, ಶಹರದಲ್ಲಿ ಅರಸರು ಕಟ್ಟಿಸಿದ ಹಳೇ ಝೂ ಇದೆ, ಅಲ್ಲಿ ಇಂಥವನ್ನು ನೋಡುವ ಡಾಕ್ಟರ್ ಇದ್ದಾರೆ ಅಂದರು. ಬೈಲಹೊಂಗಲದಿಂದ ಅರಳೆ ತುಂಬಿಕೊಂಡು ಹೋಗುವ ಲಾರಿಯಲ್ಲಿ ಅಪ್ಪ ಜಾಗ ಹಿಡಿದ. ಬೂದಿ ನನ್ನ ಕೈಯಿಂದ ಮಾತ್ರ ತಿನ್ನುತ್ತಿದ್ದರಿಂದ ನನ್ನನ್ನೂ ಕರೆದುಕೊಂಡ. ಹೊರಡುವಾಗ ಅವ್ವ ಬುಟ್ಟಿಯಲ್ಲಿ ತನ್ನ ಹಳೇ ಸೀರೆ ಹಾಸಿದಳು.

ಝೂದ ದವಾಖಾನೆಯ ಮುಂದೆ ಕಲ್ಲಿನ ಕಟ್ಟೆ, ಅದರ ಮೇಲೆ ನಮ್ಮ ಬುಟ್ಟಿ. ಡಾಕ್ಟರ್ ವಯಸ್ಸಾದವರು, ಸಿಡುಕರು. ಬೂದಿಯ ಕಾಲು ಹಿಡಿದು ನೋಡಿದ ಕೂಡಲೇ ಅವರ ಮುಖ ಕೆಂಪಾಯಿತು.

"ಏನ್ ಹಾಕೀರಿ ತಿನ್ನಾಕ? ಖರೇ ಹೇಳ್ರಿ. ಅನ್ನಾ ರೊಟ್ಟಿ ಹಾಕಿ ಕೊಂದು, ಕೊನೀಗೆ ನನ್ನ ಮುಂದ ತಂದು ಇಡ್ತಾರ ಮಂದಿ."

ಅಪ್ಪ ತಲೆ ತಗ್ಗಿಸಿ ನಿಂತ. ಡಾಕ್ಟರ್ ನನ್ನ ಕಡೆ ತಿರುಗಿದರು. ಆಗ ನಾನು ಹೇಳಿದೆ.

"ಮಾಂಸಾ ಹಾಕೇವ್ರಿ. ಎಲುಬು ಹಾಕೇವಿ. ದಿನಾ ಬಿಸಲಾಗ ಬಿಡತಿದ್ವಿ."

ನನ್ನ ಕೊರಳಿನ ಲಿಂಗದ ಕಡೆ ನೋಡಿ ಅವರು ಮತ್ತೆ ಕೇಳಿದರು. ನಾನು ಮತ್ತೆ ಹಾಗೇ ಹೇಳಿದೆ. ಕುರುಬರ ಲಕ್ಕವ್ವ ತಂದು ಕೊಡುತ್ತಿದ್ದಳು, ನಮ್ಮವ್ವ ಒಯ್ದು ತಿನ್ನಿಸುತ್ತಿದ್ದಳು ಎಂದು ಎಲ್ಲ ಬಿಡಿಸಿ ಹೇಳಿದೆ. ಹದಿನೈದು ದಿನದ ಖರೆಯನ್ನು ಐದು ತಿಂಗಳಿಗೆ ಎಳೆದೆ. ಮನೆಯಲ್ಲಿ ಯಾವ ಕೆಲಸಕ್ಕೆ ಅವ್ವನನ್ನು ಹಿಡಿದು ಕೊಟ್ಟಿದ್ದೆನೋ, ಇಲ್ಲಿ ನನ್ನ ಮಾನ ಉಳಿಸಿಕೊಳ್ಳಲು ಅದೇ ಕೆಲಸವನ್ನು ಮುಂದೆ ಹಿಡಿದೆ. ಡಾಕ್ಟರ್ "ಹಂಗಾರ ಇದು ಹುಟ್ಟಿನಿಂದ ಬಂದ ದೋಷ. ರಕ್ತದಾಗ ಐತಿ" ಎಂದು ಬರೆದುಕೊಂಡರು. ಅಪ್ಪ ನನ್ನನ್ನು ನೋಡಿದ. ಆಗಲೂ ಏನೂ ಅನ್ನಲಿಲ್ಲ. ಆ ಮೌನವನ್ನು ನಾನು ಶಹಬ್ಬಾಸ್ ಎಂದು ತಿಳಿದೆ.

ಬೂದಿ ಬದುಕಿತು, ಝೂದಲ್ಲಿ ಅದನ್ನು ಚೆನ್ನಾಗಿ ನೋಡಿಕೊಂಡರು ಎಂದು ಲಾರಿಯವರ ಮೂಲಕ ಒಂದೆರಡು ಸಲ ಸುದ್ದಿ ಬಂತು. ನನ್ನ ಮಟ್ಟಿಗೆ ಕಥೆ ಮುಗಿಯಿತು. ನನ್ನ ಮದುವೆಯಾಯಿತು, ಆಯಿ ಹೋದಳು, ಅಪ್ಪ ಹೋದ, ಅವ್ವನೂ ಹೋದಳು. ಕೊನೆಯ ತನಕ ಅವ್ವ ನನ್ನ ಮುಂದೆ ತೋಳದ ಸುದ್ದಿ ತೆಗೆಯಲಿಲ್ಲ. ಮದುವೆ ಮನೆಗಳಲ್ಲಿ ನಾನು ಆ ಕಥೆ ಹೇಳಿ ನಗಿಸುವಾಗ ಆಕೆ ಎದ್ದು ಒಳಗೆ ಹೋಗುತ್ತಿದ್ದಳು.

ಈಗ ನನ್ನ ಮೊಮ್ಮಗಳು ಪ್ರೀತಿ ಪಶುವೈದ್ಯಕೀಯ ಓದಿ ಅದೇ ಝೂದಲ್ಲಿ ತರಬೇತಿಗೆ ಇದ್ದಾಳೆ. ಅಲ್ಲಿ ಜನರಿಗೆ ತೋರಿಸದ ಹಿಂದಿನ ಭಾಗದಲ್ಲಿ ತೋಳಗಳ ಸಂತತಿ ಉಳಿಸುವ ಕೆಲಸ ನಡೆದಿದೆ. ನಾವು ಸಂಬಂಧ ಮಾಡುವಾಗ ಬೆಡಗು, ಅಂದರೆ ಗೋತ್ರ, ಕೇಳುವ ಹಾಗೆ, ಅವರು ಯಾವ ತೋಳ ಯಾವ ತಾಯಿಯದು, ಯಾವ ಗುಡ್ಡದ್ದು ಎಂದು ನೋಡಿ ಜೋಡಿ ಹಾಕುತ್ತಾರೆ. ಅದಕ್ಕಾಗಿ ಹಳೇ ದಫ್ತರಗಳನ್ನು ತೆಗೆದು ಕಂಪ್ಯೂಟರಿಗೆ ಹಾಕುತ್ತಿದ್ದಾಗ ಪ್ರೀತಿಗೆ ಬೂದಿ ಸಿಕ್ಕಿತು. ಫೋನಿನಲ್ಲಿ ಕುಣಿಯುತ್ತಿದ್ದಳು. "ಅಜ್ಜೀ, ನಿನ್ನ ತೋಳ ಇಲ್ಲೈತಿ! ಬಾ, ಬರದದ್ದು ತೋರಸ್ತೇನಿ." ಹೋದೆ. ಆಕೆಯೇ ಓದಿ ಹೇಳಿದಳು. ಸವದತ್ತಿ ಕಡೆಯ ಹೆಣ್ಣು ತೋಳ. ಮಾಂಸಾಹಾರ ಸರಿಯಾಗಿ ಕೊಟ್ಟಿದ್ದಾರೆ. ಹುಟ್ಟುದೋಷ. ಗಂಡಿನ ಜೊತೆ ಬಿಡಬಾರದು. ಮುಂದಿನ ಪುಟಗಳಲ್ಲಿ ವರ್ಷ ವರ್ಷವೂ ಅದೇ ಮಾತು, ಒಂಟಿ, ಒಂಟಿ. ಒಂದು ಕಡೆ ಬೇರೆ ಕೈಬರಹದಲ್ಲಿ, ಬಹುಶಃ ಊಟ ಹಾಕುವವನು ಬರೆಸಿದ್ದು. ಪಕ್ಕದ ಪಂಜರಕ್ಕೆ ಗಂಡು ತೋಳ ಬಂದಾಗಿನಿಂದ ಇದು ಹಗಲೆಲ್ಲ ನಡುವಿನ ಜಾಲರಿಗೆ ಮೂತಿ ಇಟ್ಟು ಕೂಡುತ್ತದೆ. ಕೆಳಗೆ ಡಾಕ್ಟರರ ಅಕ್ಷರದಲ್ಲಿ, ಬಿಡಬಾರದು. ಹನ್ನೊಂದು ವರ್ಷ ಬದುಕಿತ್ತು.

ಪ್ರೀತಿ ಓದುತ್ತ ಓದುತ್ತ ತಾನೇ ಸಪ್ಪಗಾದಳು. ಎದುರಿಗೆ ಅಲ್ಲಿಯ ಈಗಿನ ಡಾಕ್ಟರ್ ಕೂತಿದ್ದರು, ಹೆಂಗಸು, ನನ್ನ ಸೊಸೆಯ ವಯಸ್ಸು.

"ತಿನ್ನೂದರಿಂದ ಎಲುಬು ಸೊಟ್ಟ ಆದ್ರ ಅದು ಮರಿಗೆ ಬರತೈತೇನ್ರಿ?" ಎಂದು ಕೇಳಿದೆ.

"ಇಲ್ರಿ ಅಜ್ಜಿ. ಅದು ಊಟದ ರೋಗ, ರಕ್ತದ್ದಲ್ಲ. ಯಾಕ್ರಿ?"

"ಹಂಗಾರ ಇದು ಮರಿ ಹಾಕತಿತ್ತು."

"ಅಷ್ಟ ಖಾತ್ರಿ ಹೇಳಾಕ ಬರೂದಿಲ್ರಿ. ಹಾಕಿದ್ರೂ ಹಾಕತಿತ್ತು. ಜೋಡಿ ಅಂತೂ ಸಿಗತಿತ್ತು."

ಆಗ ಹೇಳಿದೆ. ಮೊಮ್ಮಗಳ ಎದುರಿಗೇ ಎಲ್ಲ ಹೇಳಿದೆ. ರೊಟ್ಟಿ, ಖೋಲಿ, ಲಕ್ಕವ್ವ, ಅವ್ವ, ತುಪ್ಪ, ಕಟ್ಟೆಯ ಮುಂದೆ ಹೇಳಿದ ಸುಳ್ಳು. ಡಾಕ್ಟರ್, ನೀವು ಸಣ್ಣವರಿದ್ದಿರಿ ಬಿಡ್ರಿ ಅಂದರು.

"ಸಣ್ಣಾಕಿ ಇದ್ದೆ ಖರೇ. ದಡ್ಡಿ ಇರಲಿಲ್ಲ. ಅದನ್ನ ತಿದ್ರಿ."

ಹಳೇ ದಫ್ತರಕ್ಕೆ ಕೈ ಹಚ್ಚಲು ಬರುವುದಿಲ್ಲ, ಬೇಕಾದರೆ ನೀವೇ ಒಂದು ಹಾಳೆಯಲ್ಲಿ ಬರೆದು ಕೊಡಿ, ಆ ಪುಟದ ಜೊತೆ ಇಡುತ್ತೇವೆ ಅಂದರು. ಪ್ರೀತಿ ನಾನು ಬರೆಯಲೇ ಅಂದಳು. ಬೇಡ ಅಂದೆ. ಬಹಳ ಹೊತ್ತು ಹಿಡಿಯಿತು. ಬರೆದದ್ದು ಇಷ್ಟೇ. ಈ ತೋಳಕ್ಕೆ ದೋಷ ಇರಲಿಲ್ಲ. ಮಾಂಸ ಕೊಟ್ಟೆವು ಎಂದು ಹೇಳಿದ್ದು ಸುಳ್ಳು. ಕತ್ತಲೆ ಖೋಲಿಯಲ್ಲಿಟ್ಟು ರೊಟ್ಟಿ ಹಾಕಿದೆವು. ಅದನ್ನು ಉಳಿಸಲು ನೋಡಿದವಳು ಗಂಗವ್ವ ಒಬ್ಬಳೇ. ತಪ್ಪಿಸಿದವಳು ನಾನು. ಡಾಕ್ಟರ್ ಓದಿ, ತಾಯಿಯ ಹೆಸರು ದಾಖಲೆಗೆ ಬೇಕಾಗುವುದಿಲ್ಲ ಅಂದರು. ಇರಲಿ ಅಂದೆ. ಸಹಿ ಮಾಡುವಾಗ, ಮದುವೆಯಾದಾಗಿನಿಂದ ಎಲ್ಲ ಕಾಗದಕ್ಕೂ ಬರೆಯುತ್ತ ಬಂದ ಗಂಡನ ಹೆಸರು, ಅವರ ಮನೆತನದ ಹೆಸರು ಬರೆಯಲಿಲ್ಲ. ನೀಲವ್ವ, ಗಂಗವ್ವನ ಮಗಳು ಎಂದು ಬರೆದೆ.

ಗೇಟಿನ ತನಕ ಪ್ರೀತಿ ನನ್ನ ಜೊತೆ ಬಂದಳು, ಆದರೆ ಯಾವಾಗಿನ ಹಾಗೆ ಕೈ ಹಿಡಿದುಕೊಳ್ಳಲಿಲ್ಲ. ಬಸ್ಸು ಬರುವ ಹೊತ್ತಿಗೆ ಕೇಳಿದಳು.

"ಈಗರೆ ಹಗುರಾತೇನಜ್ಜಿ?"

"ಇಲ್ಲ" ಅಂದೆ. "ನನಗ ಹಗುರಾದ್ರ ತೋಳಕ್ಕ ಏನ್ ಬಂತು? ನಿಮ್ಮ ಮುತ್ತಜ್ಜಿಗೆ ಏನ್ ಬಂತು?"